ಕಪಿಲೆಯ ಬಿಳಿಮೀನು, ಗಾಳದ ಅಪ್ಪಣೆ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದರ್ಶನ ಮುಗಿಸಿ ಸ್ನಾನಘಟ್ಟಕ್ಕೆ ಇಳಿದ ಯಾತ್ರಿಕನಿಗೆ ಕಪಿಲೆಯು ಪಾಪಹಾರಿಣಿ. ಗಾಳದ ಹವ್ಯಾಸವುಳ್ಳವರಿಗೆ ಮಾತ್ರ ಅವಳ ಖ್ಯಾತಿಯೇ ಬೇರೆ. ಬೇಟೆಯ ಪ್ರಾಣಿಗಳ ತೊಗಲನ್ನು ತುಂಬಿ ಜೀವಕಳೆ ಬರಿಸುವುದರಲ್ಲಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು 1946ರಲ್ಲಿ ಈ ನದಿಯಿಂದಲೇ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗುವ ಮಹಶೀರ್ ಮೀನನ್ನು ಗಾಳಕ್ಕೆ ಸಿಕ್ಕಿಸಿ ದಡಕ್ಕೆ ತಂದರು.

ಬೆನ್ನು ಗೂನಾಗಿ ಏರಿದ ಈ ದೊಡ್ಡ ಮೀನನ್ನು ಕಾವೇರಿ ತೀರದವರು ಬಿಳಿಮೀನು ಎನ್ನುತ್ತಾರೆ. ಅದನ್ನು ಮರುಳುಗೊಳಿಸಿದ ಎರೆ ಯಾವ ಪರದೇಶದ ವಸ್ತುವೂ ಅಲ್ಲ. ನಮ್ಮ ರಾಗಿಯ ಮುದ್ದೆ!

ನಂಜನಗೂಡನ್ನು ಬಿಟ್ಟ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಗಸ್ತ್ಯೇಶ್ವರನೂ ಗುಂಜಾ ನರಸಿಂಹನೂ ನೆಲೆಸಿರುವ ಆ ತ್ರಿವೇಣಿಯಿಂದ ಮುಂದೆ ನೀರು ತಲಕಾಡು, ಶಿವನಸಮುದ್ರಗಳನ್ನು ದಾಟಿ ಕಾಡಿನ ಕಣಿವೆಗೆ ಇಳಿಯುತ್ತದೆ. ಹರಿಯುವ ನೀರಿಗೆ ಗಡಿಯಿಲ್ಲ. ಗಾಳಕ್ಕೆ ಮಾತ್ರ ಹೆಜ್ಜೆಹೆಜ್ಜೆಗೂ ಕಾನೂನುಂಟು.

ಆ ಕಾನೂನು ಹೊಸದೇನೂ ಅಲ್ಲ. ಸಿಡಿಮದ್ದನ್ನೂ ವಿಷವನ್ನೂ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮತ್ಸ್ಯ ಕಾಯಿದೆ ಅಪರಾಧವೆಂದು ಸಾರಿತು. 1901ರಲ್ಲಿ ಮೈಸೂರು ಸಂಸ್ಥಾನವು ಬೇಟೆಯ ಪ್ರಾಣಿಗಳನ್ನೂ ಮೀನನ್ನೂ ಒಂದೇ ಶಾಸನದ ರಕ್ಷಣೆಗೆ ಒಳಪಡಿಸಿತು. ಕಾಲಾನಂತರದಲ್ಲಿ ಕರ್ನಾಟಕ ರಾಜ್ಯವು ಒಳನಾಡು ಮೀನುಗಾರಿಕೆಗಾಗಿಯೇ 1996ರ ಕಾಯಿದೆಯನ್ನು ರಚಿಸಿತು.

ಇದರ ನಡುವೆ ಇನ್ನೊಂದು ಪ್ರಯೋಗ ನಡೆಯಿತು. 1972ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಪಾತ್ರವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಬಿಡಾರಗಳು ಎದ್ದವು. ಅಪ್ಪಣೆ ಪಡೆದು ಬಂದವರು ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡಬೇಕೆಂಬುದು ಅಲ್ಲಿಯ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರೇ ಕಾವಲುಗಾರರೂ ಮಾರ್ಗದರ್ಶಕರೂ ಆದರು.

ಆದರೆ ಆ ಕಣಿವೆ 1987ರಲ್ಲಿ ಕಾವೇರಿ ವನ್ಯಜೀವಿಧಾಮವಾಗಿತ್ತು. ಅಭಯ ಕೊಟ್ಟ ನೆಲದಲ್ಲಿ ವಿನೋದಕ್ಕಾಗಿ ಜೀವಿಯ ಬಾಯಿಗೆ ಮುಳ್ಳು ಚುಚ್ಚುವುದು ಬೇಟೆಯಲ್ಲದೆ ಮತ್ತೇನು ಎಂಬ ಪ್ರಶ್ನೆ ಎದ್ದಿತು. ಅದನ್ನು ನ್ಯಾಯವಲ್ಲವೆಂದು ತಳ್ಳಿಹಾಕುವುದು ಸುಲಭವಲ್ಲ. ಕೊನೆಗೆ 2012ರ ವೇಳೆಗೆ ಅಲ್ಲಿ ಗಾಳದ ಆಟ ನಿಂತುಹೋಯಿತು.

ಗಾಳ ಹೋಯಿತು, ಬಿಳಿಮೀನು ಉಳಿಯಿತೇ? ಇದಕ್ಕೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ಒದಗಿದ್ದು ಗಾಲಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟಿದ್ದ ಲೆಕ್ಕಗಳೇ. ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತ, ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ಹೆಚ್ಚುತ್ತ ಬಂದುದನ್ನು ಅವು ತೋರಿಸಿದವು. ಆ ಎರಡನೆಯದು ನದಿಯ ಹಿತಕ್ಕೆಂದೇ ಮರಿಮನೆಗಳಲ್ಲಿ ಬೆಳೆಸಿ ಬಿಟ್ಟ ಸಂತತಿ! ಅಣೆಕಟ್ಟು, ಸಿಡಿಮದ್ದು, ಮರಳು ಅಗೆತ, ಕೊಳೆನೀರುಗಳ ಕಾಟ ಇದಕ್ಕೆ ಹೊರತು. ಕಪಿಲೆಗೂ 1974ರಲ್ಲಿ ಮೇಲ್ಭಾಗದಲ್ಲಿ ಅಣೆಕಟ್ಟು ಬಂದಿತ್ತು.

ಈ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾದುದು 2018ರಲ್ಲಿ. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅತ್ಯಂತ ಅಪಾಯದ ಸಾಲಿಗೆ ಸೇರಿದ್ದೂ ಅದೇ ವರ್ಷ. ನಾಮಕರಣವೂ ಮೃತ್ಯುಭಯದ ಸೂಚನೆಯೂ ಒಟ್ಟಿಗೇ ಬಂದವು!

ಕಾವೇರಿಯ ಮೇಲ್ದಂಡೆಯ ರಾಮನಾಥಪುರದಲ್ಲಿ ಭಕ್ತರು ಮೀನುಗಳಿಗೆ ಪುರಿ ಚೆಲ್ಲುತ್ತಾರೆ. ಅಲ್ಲಿ ದೇವರ ಭಯವೇ ಕಾವಲು. ಉಳಿದೆಡೆ ಬಲೆ ಬೀಸಿ ಹೊಟ್ಟೆ ಹೊರೆಯುವ ಹರಿಗೋಲಿನವನೂ ಉಂಟು, ಬಿಡುವಿನ ದಿನ ಗಾಳ ಹಿಡಿದು ಬರುವ ಪಟ್ಟಣಿಗನೂ ಉಂಟು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪಟ್ಟಣಿಗನಾದರೋ ನೀರಿಗಿಳಿಯುವ ಮುನ್ನ ಮೀನುಗಾರಿಕೆ ಇಲಾಖೆಯನ್ನೂ ಅರಣ್ಯದ ಅಂಚಿನಲ್ಲಿ ಅರಣ್ಯ ಇಲಾಖೆಯನ್ನೂ ವಿಚಾರಿಸುವುದು ಕರ್ತವ್ಯ. ಅಪ್ಪಣೆಯ ಚೀಟಿ ಮೀನನ್ನು ಹಿಡಿಯುವ ಹಕ್ಕನ್ನಷ್ಟೇ ಕೊಡುವುದಲ್ಲ; ಹಿಡಿದುದರ ಲೆಕ್ಕ ಒಪ್ಪಿಸುವ ಹೊಣೆಯನ್ನೂ ಹೊರಿಸಬೇಕು. ಬಿಳಿಮೀನಿನ ಅವನತಿಯನ್ನು ಲೋಕಕ್ಕೆ ತಿಳಿಸಿದ್ದು ಅಂತಹ ಲೆಕ್ಕವೇ ಅಲ್ಲವೇ?