ಆಟಗಾರರಿಗೂ ಒಂದು ಟಿ.ಸಿ.

2023ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ನನ್ನ ಸಣ್ಣ ಮಗ ಎಂದಿನಂತೆ ಒಂದು ಚೀಲ ಕೊಳೆಬಟ್ಟೆ ತಂದಿದ್ದ. ಬೆಂಗಳೂರಿನ ಕೊಳೆ ಸುಲೇಪೇಟದ ನೀರಿಗೇ ಬಿಡುವುದೆಂಬುದು ಅವನ ವಾದ. ಚೀಲ ಬರಿದು ಮಾಡುವಾಗ ಅಡಿಯಲ್ಲಿ ದಪ್ಪ ರಟ್ಟಿನ ಒಂದು ವಹಿ ಸಿಕ್ಕಿತು. ಬರೆದ ಕಾಗದ ಕಂಡರೆ ಓದದೆ ಬಿಡುವ ಜಾತಿಯಲ್ಲ ನಮ್ಮದು. ತೆರೆದೆ. ಹೆಸರು, ಹುಟ್ಟಿದ ದಿನಾಂಕ, ಎಲ್ಲಿಂದ ಬಂದದ್ದು, ಬಂದ ದಿನ, ಎಲ್ಲಿಗೆ ಹೋದದ್ದು, ಹೋದ ದಿನ, ಕೊನೆಗೆ ಷರಾ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಏಳು ಕಾಲಂ ಮಾಡಿದ್ದ. ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರಿನ ಪ್ರತಿರೂಪವೇ! ಇಂಜಿನಿಯರಿಂಗ್ ಬಿಟ್ಟು ಇವನೆಲ್ಲಿ ಮಾಸ್ತರಿಕೆಗೆ ಸೇರಿಕೊಂಡನೋ ಎಂದು ಒಂದು ಕ್ಷಣ ಎದೆ ಝಲ್ಲೆಂದಿತು. ಮನೆಗೆ ಒಬ್ಬರು ಸಾಕಲ್ಲವೆ?

ಅದು ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಆಟಗಾರರ ದಾಖಲೆ. 2013ರಲ್ಲಿ ಹುಟ್ಟಿದ ಕ್ಲಬ್ಬು. ಅಲ್ಲಿಂದೀಚೆ ನೀಲಿ ಅಂಗಿ ತೊಟ್ಟವರೆಲ್ಲ ಆ ವಹಿಯಲ್ಲಿದ್ದರು. ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು, 2016ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಫೈನಲ್ಲಿಗೆ ದೋಹಾಕ್ಕೆ ಹೋಗಿ ಇರಾಕಿನ ತಂಡಕ್ಕೆ ಒಂದು ಗೋಲಿನಿಂದ ಸೋತದ್ದು, ಎಲ್ಲ ಷರಾದ ಕಾಲಂನಲ್ಲಿ ಇರುವೆಸಾಲಿನಂಥ ಅಕ್ಷರದಲ್ಲಿತ್ತು. ಇದೇ ಅಕ್ಷರ ಪರೀಕ್ಷೆಯಲ್ಲಿ ಬರೆದಿದ್ದರೆ ಎಂದುಕೊಂಡೆ. ಹಬ್ಬದ ದಿನ ಬೇಡವೆಂದು ಆಡಲಿಲ್ಲ.

ಆ ಸಂಜೆ ನಾನು ಕರ್ಚಿಕಾಯಿ ಮಡಚುತ್ತ ಕುಳಿತಿದ್ದೆ. ಅವನು ತುಂಬಲಿಟ್ಟ ಹೂರಣವನ್ನು ಕದ್ದು ತಿನ್ನುತ್ತ ನನಗೆ ಪಾಠ ಹೇಳಿದ. ಇಂಗ್ಲೆಂಡಿನ ಹಳೆಯ ಕ್ಲಬ್ಬುಗಳು ನೂರು ವರ್ಷಕ್ಕೂ ಹಿಂದಿನ ಆಟಗಾರರ ಲೆಕ್ಕವನ್ನು ಇಟ್ಟುಕೊಂಡಿವೆಯಂತೆ. ಯಾರು ಎಷ್ಟು ಆಟ ಆಡಿದ, ಎಷ್ಟು ಗೋಲು ಹೊಡೆದ, ಅವನನ್ನು ಎಷ್ಟಕ್ಕೆ ಕೊಂಡರು, ಎಷ್ಟಕ್ಕೆ ಮಾರಿದರು. 1905ರಲ್ಲಿ ಆಲ್ಫ್ ಕಾಮನ್ ಎಂಬಾತನಿಗೆ ಮಿಡಲ್ಸ್‌ಬರೋ ಕ್ಲಬ್ಬು ಸಂಡರ್‌ಲ್ಯಾಂಡಿಗೆ ಸಾವಿರ ಪೌಂಡ್ ಕೊಟ್ಟು ಕರೆದುಕೊಂಡಿತು. ಅಷ್ಟು ದೊಡ್ಡ ಮೊತ್ತಕ್ಕೆ ಕೈ ಬದಲಾದ ಮೊದಲ ಆಟಗಾರ ಅವನೇ. 2017ರಲ್ಲಿ ನೇಮಾರ್ ಬಾರ್ಸಿಲೋನಾ ಬಿಟ್ಟು ಪ್ಯಾರಿಸ್ಸಿಗೆ ಹೋದಾಗ 222 ಮಿಲಿಯನ್ ಯೂರೋ.

"ಮಾರೂದು ಅಂತೀಯಲ್ಲೋ, ಅವರೇನು ಎತ್ತೇನು?" ಎಂದೆ.

"ಮನುಷ್ಯನ್ನ ಮಾರಂಗಿಲ್ಲವ್ವಾ. ಅವನ ರಿಜಿಸ್ಟ್ರೇಷನ್ ಅಷ್ಟೇ ಆಚೀಚೆ ಹೋಗ್ತದ" ಎಂದ.

ರಿಜಿಸ್ಟ್ರೇಷನ್ ಎಂದ ಕೂಡಲೆ ವಿಷಯ ನನ್ನ ಅಂಗಳಕ್ಕೆ ಬಂದಂತಾಯಿತು. ಅವನು ಹೇಳಿದ್ದಕ್ಕೆಲ್ಲ ನಮ್ಮ ಇಲಾಖೆಯಲ್ಲಿ ಒಂದೊಂದು ಹೆಸರಿದೆ. 'ಲೋನ್' ಎಂದರೆ ನಿಯೋಜನೆ. ಹೆಸರು ಒಂದು ಶಾಲೆಯಲ್ಲಿ, ದುಡಿಮೆ ಇನ್ನೊಂದರಲ್ಲಿ. 'ಟ್ರಾನ್ಸ್‌ಫರ್ ವಿಂಡೋ' ಎಂದರೆ ನಮ್ಮ ಕೌನ್ಸೆಲಿಂಗ್ ತಿಂಗಳು. ಎ ವಲಯ, ಬಿ ವಲಯ, ಸಿ ವಲಯವೆಂದು ಲೆಕ್ಕ ಹಾಕುತ್ತ, ಗಂಡನಿರುವ ಊರು ಎಷ್ಟು ಕಿಲೋಮೀಟರು ಎಂದು ಅಳೆಯುತ್ತ ಶಿಕ್ಷಕಿಯರು ಉಪವಾಸ ಕೂಡುವ ತಿಂಗಳು. ವ್ಯತ್ಯಾಸ ಇಷ್ಟೇ, ನಮಗಾಗಿ ಯಾವ ಶಾಲೆಯೂ ಪೌಂಡ್ ಹಿಡಿದು ನಿಲ್ಲುವುದಿಲ್ಲ.

ಸುನಿಲ್ ಛೆಟ್ರಿಗೆ ಮಗ ಒಂದು ಇಡೀ ಪುಟ ಕೊಟ್ಟಿದ್ದ. 1984ರ ಆಗಸ್ಟ್ 3ರಂದು, ನಮ್ಮ ಕಡೆಯವರು ದೊಡ್ಡ ದವಾಖಾನೆಗೆ ಓಡುವ ಹೈದರಾಬಾದಿಗೆ ಅಂಟಿಕೊಂಡ ಸಿಕಂದರಾಬಾದಿನಲ್ಲಿ ಹುಟ್ಟಿದವರು. ತಂದೆ ಸೈನ್ಯದಲ್ಲಿದ್ದವರು, ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ತಾಯಿಯ ಕಾಲಂ ಯಾವ ವಹಿಯಲ್ಲಿಯೂ ಇರುವುದಿಲ್ಲ ನೋಡಿ, ಷರಾದಲ್ಲಿ ಬರೆದಿದ್ದಕ್ಕೆ ಮಗನಿಗೆ ಒಂದು ಕರ್ಚಿಕಾಯಿ ಹೆಚ್ಚು ಕೊಟ್ಟೆ. 2002ರಲ್ಲಿ ಮೋಹನ್ ಬಾಗಾನ್, ಆಮೇಲೆ ಜೆ.ಸಿ.ಟಿ., ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ, ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡ. 2013ರಲ್ಲಿ ಬೆಂಗಳೂರಿಗೆ ಬಂದವರು ಇಲ್ಲಿಯವರೇ ಆದರು. ನಡುವೆ 2015ರ ಹರಾಜಿನಲ್ಲಿ ಮುಂಬಯಿ ತಂಡ 1 ಕೋಟಿ 20 ಲಕ್ಷಕ್ಕೆ ಕೂಗಿ ಕರೆದುಕೊಂಡಿತ್ತು. ಆಗ ಎರಡು ಲೀಗುಗಳು ಬೇರೆ ಬೇರೆ ಕಾಲದಲ್ಲಿ ನಡೆಯುತ್ತಿದ್ದುದರಿಂದ ಅಲ್ಲಿ ಆಡಿ ಮತ್ತೆ ಮರಳಿದರು. ನಮ್ಮ ಮಾತಿನಲ್ಲಿ ನಿಯೋಜನೆ.

ಆ ಪುಟದಲ್ಲಿ ಒಂದು ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದ. 2009: ಕ್ವೀನ್ಸ್ ಪಾರ್ಕ್ ರೇಂಜರ್ಸ್, ಲಂಡನ್. ಕರಾರು ಆಗಿತ್ತಂತೆ, ಆದರೆ ಇಂಗ್ಲೆಂಡ್ ಸರಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಆಟಗಾರನ ದೇಶ ಜಗತ್ತಿನ ಮೊದಲ 70 ತಂಡಗಳಲ್ಲಿ ಇರಬೇಕೆಂಬ ನಿಯಮ, ಭಾರತ ಅದರಲ್ಲಿರಲಿಲ್ಲ. ಕಾಲು ಸರಿಯಿತ್ತು, ಕಾಗದ ಸರಿಯಿರಲಿಲ್ಲ.

"ಕಾಗದ ಇಲ್ಲಂದ್ರ ಎಲ್ಲೂ ಆಡ್ಲಿಕ್ಕಾಗಂಗಿಲ್ಲವ್ವಾ" ಎಂದು ಮಗ ಮುಂದುವರಿಸಿದ. "ದೇಶ ಬಿಟ್ಟು ದೇಶಕ್ಕ ಹೋಗಬೇಕಂದ್ರ ಐ.ಟಿ.ಸಿ. ಬೇಕು. ಇಂಟರ್‌ನ್ಯಾಷನಲ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್. 2017ರಾಗ ಗುರ್‌ಪ್ರೀತ್ ಸಂಧು ನಾರ್ವೆಯಿಂದ ಬೆಂಗಳೂರಿಗಿ ಬಂದಾಗ ಅವನಿಗೂ ಅದೇ ಬೇಕಿತ್ತು."

ನನ್ನ ಕೈಯಲ್ಲಿದ್ದ ಕರ್ಚಿಕಾಯಿ ಅರ್ಧ ಮಡಚಿದಂತೆಯೇ ಉಳಿಯಿತು. ಆರಡಿ ಎತ್ತರದ ಗೋಲಿಗೂ ಟಿ.ಸಿ.! ನಾನು ನಗಬೇಕಿತ್ತು. ನಗು ಬರಲಿಲ್ಲ, ಏಕೆಂದರೆ ಮಗ ಅಷ್ಟಕ್ಕೇ ನಿಲ್ಲಿಸದೆ ಜಾರ್ಜ್ ಈಸ್ಟ್‌ಹ್ಯಾಮ್ ಎಂಬಾತನ ಕತೆ ತೆಗೆದ.

ಇಂಗ್ಲೆಂಡಿನಲ್ಲಿ ಹಿಂದೆ ಒಂದು ಪದ್ಧತಿ ಇತ್ತಂತೆ. ಆಟಗಾರನ ಕರಾರು ಮುಗಿದರೂ ಅವನ ರಿಜಿಸ್ಟ್ರೇಷನ್ ಕ್ಲಬ್ಬಿನ ಕೈಯಲ್ಲೇ ಉಳಿಯುತ್ತಿತ್ತು. ಕ್ಲಬ್ಬು ಬಿಟ್ಟುಕೊಟ್ಟರೆ ಹೋಗಬೇಕು, ಇಲ್ಲದಿದ್ದರೆ ಬೇರೆಲ್ಲೂ ಆಡುವಂತಿಲ್ಲ. 1960ರಲ್ಲಿ ನ್ಯೂಕ್ಯಾಸಲ್ ಕ್ಲಬ್ಬಿನಲ್ಲಿದ್ದ ಈಸ್ಟ್‌ಹ್ಯಾಮ್ ತಾನು ಹೋಗುತ್ತೇನೆ ಎಂದ. ಅವರು ಬಿಡೆವು ಎಂದರು. ಆತ ಆಟವನ್ನೇ ನಿಲ್ಲಿಸಿ ಪರಿಚಯದವರ ಕಂಪನಿಯಲ್ಲಿ ಬಿರಡೆ ಮಾರುವ ಕೆಲಸಕ್ಕೆ ಸೇರಿಕೊಂಡ. ದೇಶದ ಒಳ್ಳೆಯ ಆಟಗಾರರಲ್ಲೊಬ್ಬ, ಬಿರಡೆ ಮಾರುತ್ತಿದ್ದ! ಕೆಲವು ತಿಂಗಳ ನಂತರ 47,500 ಪೌಂಡಿಗೆ ಅವನನ್ನು ಆರ್ಸೆನಲ್ಲಿಗೆ ಬಿಟ್ಟರು. ಆದರೂ ಆತ ಕೋರ್ಟಿಗೆ ಹೋದ. 1963ರಲ್ಲಿ ನ್ಯಾಯಾಧೀಶ ವಿಲ್ಬರ್‌ಫೋರ್ಸ್ ಅವರು, ಹೀಗೆ ಹಿಡಿದಿಡುವುದು ಮನುಷ್ಯನ ಹೊಟ್ಟೆಪಾಡಿಗೆ ಹಾಕಿದ ಅನ್ಯಾಯದ ಅಡ್ಡಿ ಎಂದು ತೀರ್ಪು ಕೊಟ್ಟರು. ಕರಾರು ಮುಗಿದವನನ್ನು ಯಾವ ಹಣವೂ ಇಲ್ಲದೆ ಬಿಡಬೇಕೆಂಬ ತೀರ್ಪು ಯುರೋಪಿನಲ್ಲಿ ಬರಲು 1995 ಆಯಿತು, ಬೆಲ್ಜಿಯಮ್ಮಿನ ಬೋಸ್ಮನ್ ಎಂಬ ಆಟಗಾರನಿಂದಾಗಿ. ಅಷ್ಟರಲ್ಲಿ ಅವನ ಆಡುವ ವಯಸ್ಸೇ ಮುಗಿಯುತ್ತ ಬಂದಿತ್ತು.

"ಕಾಗದ ಹಿಡದಿಟ್ಟವರು ಎಂಥಾ ಮಂದಿ ಇರಬೇಕವ್ವಾ" ಎಂದ ಮಗ.

ಒಲೆಯ ಮೇಲೆ ಎಣ್ಣೆ ಕಾದಿದೆ ಎಂದು ನಾನು ಎದ್ದು ಹೋದೆ. ಎಣ್ಣೆ ಇನ್ನೂ ಕಾದಿರಲಿಲ್ಲ.

ಇದನ್ನು ನಾನು ಮಗನಿಗೆ ಈತನಕ ಹೇಳಿಲ್ಲ. 2019ರ ಶ್ರಾವಣ. ಆಗ ನಾನಿದ್ದ ಹಳ್ಳಿ ಶಾಲೆಯಲ್ಲಿ ಮುಖ್ಯಗುರುಗಳ ಪ್ರಭಾರವೂ ನನ್ನ ಮೇಲಿತ್ತು, ಟಿ.ಸಿ. ಪುಸ್ತಕ ನನ್ನ ಕಪಾಟಿನಲ್ಲಿರುತ್ತಿತ್ತು. ಏಳನೆಯ ತರಗತಿಯಲ್ಲಿ ತಾಂಡಾದ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಮಂದ, ಬೆಂಚಿನ ಮೇಲೆ ಕೂತರೆ ನಿದ್ದೆ. ಆದರೆ ಚೆಂಡು ಕಾಲಿಗೆ ಸಿಕ್ಕರೆ ಅವನೇ ಬೇರೆ. ನಮ್ಮ ಕರಿಮಣ್ಣಿನ ಬಯಲು ನಿಮಗೆ ಗೊತ್ತಲ್ಲ, ಮಳೆ ಬಿದ್ದರೆ ಅಂಟು, ಒಣಗಿದರೆ ಹಲ್ಲಿನಂತೆ ಹೆಂಟೆ. ಅದರಲ್ಲಿ ಬರಿಗಾಲಲ್ಲಿ ಓಡುತ್ತಿದ್ದ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಲ್ಲೇ ಫ್ರಾನ್ಸಿನ ವಿರುದ್ಧ ಆಡಿ 2-1ರಿಂದ ಸೋತರೆಂದು, ನಮ್ಮ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್ ಎಂದು, ಅದೇ ತಂಡದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ ಅಲ್ಲಿನ 'ಪಂಚಪಾಂಡವ'ರಲ್ಲಿ ಒಬ್ಬರಾದರೆಂದು ನಾನೇ ತರಗತಿಯಲ್ಲಿ ಹೇಳಿದ್ದೆ. ಹುಡುಗ ಆವತ್ತು ಮಾತ್ರ ನಿದ್ದೆ ಮಾಡಿರಲಿಲ್ಲ.

ತಾಲೂಕು ಕ್ರೀಡಾಕೂಟಕ್ಕೆ ಹದಿನೈದು ದಿನವಿತ್ತು. ಒಂದು ಸಂಜೆ ಅವನ ತಾಯಿ ಬಂದು ಬಾಗಿಲಲ್ಲಿ ನಿಂತಳು. ಗುತ್ತೇದಾರ ಮುಂಗಡ ಕೊಟ್ಟಿದ್ದಾನೆ, ಪುಣೆಗೆ ಹೊರಡಬೇಕು.

"ಅಕ್ಕೋರೆ, ಪೋರಂದು ಟೀಸಿ ಕೊಡ್ರಿ. ನಸಿಕಿನ್ಯಾಗ ಗಾಡಿ ಅದ."

"ಈಗ ಹೆಂಗ ಕೊಡಲಿಕ್ಕಾಗ್ತದವ್ವಾ? ತಾಲೂಕು ಆಟ ಮುಗೀಲಿ. ಅಲ್ಲೀತನಕ ಅವರಜ್ಜಿ ಬಲ್ಲಿ ಬಿಡು. ಆಮ್ಯಾಲ ಬಂದು ಒಯ್ಯಿ" ಎಂದೆ.

ಟಿ.ಸಿ. ಕೇಳಿದ ಕೂಡಲೆ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿಯೇ ಹೇಳಿದೆ, ಐದನೆಯ ಕಲಮಿನಲ್ಲಿ. ಟಿ.ಸಿ. ತಡವಾಯಿತೆಂದು ಹೊಸ ಶಾಲೆಯವರು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ ಎಂದೂ ಹೇಳಿದೆ. ತರಬೇತಿಯಲ್ಲಿ ಇದನ್ನು ಬೇರೆ ಶಿಕ್ಷಕಿಯರಿಗೆ ಓದಿ ಹೇಳಿದವಳು ನಾನು. ಆ ಸಂಜೆ ಆ ತಾಯಿಗೆ ಹೇಳಲಿಲ್ಲ. ಹುಡುಗನ ಓದಿನ ಚಿಂತೆ ನನಗಿತ್ತು ಎಂದು ಬರೆದುಬಿಡಬಹುದು. ಇದ್ದದ್ದು ತಾಲೂಕಿನ ಕಪ್ಪಿನ ಚಿಂತೆ. ನಮ್ಮಂಥ ಶಾಲೆಯ ಗೋಡೆಯ ಮೇಲೆ ಒಂದು ಕಪ್ಪಿನ ಫೋಟೋ ಇರಲಿ ಎಂಬ ಆಸೆ.

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೋದಳು. ಬೆಳಗ್ಗೆ ಹಾಜರಿ ಕೂಗಿದಾಗ ಆ ಹೆಸರಿಗೆ ಉತ್ತರ ಬರಲಿಲ್ಲ. ನಮ್ಮ ತಂಡ ಮೊದಲ ಸುತ್ತಿಗೇ ಸೋತು ಬಂತು. ಮುಂದಿನ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗಳೇ ಮುಚ್ಚಿದವು. ರಿಜಿಸ್ಟರಿನಲ್ಲಿ 'ಶಾಲೆ ಬಿಟ್ಟ ದಿನಾಂಕ' ಎಂಬ ಚೌಕ ಹಾಗೆಯೇ ಖಾಲಿ ಉಳಿಯಿತು.

ದೀಪಾವಳಿ ಮುಗಿಸಿ ಹೊರಡುವ ದಿನ ಮಗ ಇನ್ನೊಂದು ಸಂಗತಿ ಹೇಳಿದ. ಅದನ್ನು ಕೇಳದಿದ್ದರೇ ಚೆನ್ನಾಗಿತ್ತೇನೋ. ಒಬ್ಬ ಆಟಗಾರ ಕರಾರಿನ ನಡುವೆ ದೇಶದಿಂದ ದೇಶಕ್ಕೆ ಹಣ ಪಡೆದು ಹೋದರೆ, ಆ ಹಣದಲ್ಲಿ ನೂರಕ್ಕೆ ಐದರಷ್ಟನ್ನು ತೆಗೆದಿಟ್ಟು, ಅವನ 12ನೆಯ ವಯಸ್ಸಿನಿಂದ 23ರವರೆಗೆ ಆಟ ಕಲಿಸಿದ ಕ್ಲಬ್ಬುಗಳಿಗೆಲ್ಲ ಹಂಚಬೇಕೆಂದು ಫಿಫಾ 2001ರಲ್ಲಿ ನಿಯಮ ಮಾಡಿದೆ. ಹನ್ನೆರಡರಿಂದ ಹದಿನೈದರವರೆಗೆ ಕಲಿಸಿದವರಿಗೆ ವರ್ಷಕ್ಕೆ ಕಾಲು ಪ್ರತಿಶತ, ಮುಂದಿನ ವರ್ಷಗಳಿಗೆ ಅರ್ಧ ಪ್ರತಿಶತ. ಇದಕ್ಕಾಗಿ ಪ್ರತಿಯೊಬ್ಬನಿಗೂ ಒಂದು 'ಆಟಗಾರನ ಪಾಸ್‌ಪೋರ್ಟ್' ಇರುತ್ತದೆ. ಹನ್ನೆರಡು ತುಂಬಿದ ವರ್ಷದಿಂದ ಯಾವ ಕ್ಲಬ್ಬು, ಎಷ್ಟು ಕಾಲ ಎಂಬುದೆಲ್ಲ ಅದರಲ್ಲಿ. ಯಾವುದೋ ಹಳ್ಳಿಯ ಕ್ಲಬ್ಬಿಗೂ ಹತ್ತು ವರ್ಷದ ಮೇಲೆ ಹಣ ಬಂದು ತಲುಪಬಹುದು.

"ಶಾಲಿಗಿ?" ಎಂದು ಕೇಳಿದೆ.

"ಶಾಲಿಗಿಲ್ಲವ್ವಾ. ಕ್ಲಬ್ಬಿಗಷ್ಟೇ" ಎಂದು ನಕ್ಕು ಸೇಡಂ ಬಸ್ಸು ಹತ್ತಿದ.

ಹಣ ಯಾರಿಗೆ ಬೇಕು! ನನಗೆ ನೆನಪಾದದ್ದು ಹುಡುಗನಿಗೆ ಆಗ ಹನ್ನೆರಡೇ ವರ್ಷವಾಗಿತ್ತು ಎಂಬುದು. ಬಿಸಿಲಿಗೆ ಹಾಕಿದ ಚೀಲ ತಿರುವಿಹಾಕುತ್ತ ಎಷ್ಟೋ ಹೊತ್ತು ಅಂಗಳದಲ್ಲೇ ನಿಂತಿದ್ದೆ.

2024ರ ಯುಗಾದಿಗೆ ತಾಂಡಾದವರು ಊರಿಗೆ ಬಂದಿದ್ದರು. ಶಾಲೆಯ ಬಾಗಿಲಲ್ಲಿ ಒಬ್ಬ ಎತ್ತರದ ತರುಣ ಬಂದು ನಿಂತ. ಮೀಸೆ ಚಿಗುರಿತ್ತು, ಉಗುರಿನ ಸಂದಿಯಲ್ಲಿ ಸಿಮೆಂಟು ಕೂತಿತ್ತು. ನಾನು ಗುರುತು ಹಿಡಿದದ್ದು ಕಾಲುಗಳನ್ನು ನೋಡಿ.

"ಅಕ್ಕೋರೆ, ನನ್ನ ಟೀಸಿ ಬೇಕಿತ್ರಿ."

ಪುಣೆಯಲ್ಲಿ ಶಾಲೆಗೆ ಹೋದೆಯಾ ಎಂದು ಕೇಳಿದೆ. ಒಂದು ಶಾಲೆಗೆ ಹೋಗಿದ್ದರಂತೆ, ಕಾಗದ ಕೇಳಿದರಂತೆ, ಇಲ್ಲವೆಂದು ತಾಯಿ ವಾಪಸು ಕರೆದುಕೊಂಡು ಬಂದಳಂತೆ. ಆಮೇಲೆ ಅಪ್ಪನ ಜೊತೆ ಕೆಲಸ. ಅದನ್ನು ಅವನು ದೂರಿನಂತೆ ಹೇಳಲಿಲ್ಲ, ಬಸ್ಸು ತಪ್ಪಿದ ಸುದ್ದಿಯಂತೆ ಹೇಳಿದ. ಈಗ ಅವರ ಸೈಟಿನ ಹತ್ತಿರದ ಮೈದಾನದಲ್ಲಿ ಸಂಜೆ ಆಡುವ ಒಂದು ತಂಡವಿದೆ. ಅದರವರು ಇವನ ಹೆಸರು ನೋಂದಾಯಿಸಬೇಕೆಂದು ಹುಟ್ಟಿದ ತಾರೀಖಿನ ದಾಖಲೆ ಕೇಳಿದ್ದಾರೆ.

ಪುಸ್ತಕ ತೆಗೆದೆ. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ನಡತೆ ಬರೆದೆ. ನಡತೆಗೆ 'ಉತ್ತಮ' ಎಂದು ಎಲ್ಲರಿಗೂ ಬರೆಯುತ್ತೇವೆ. ಇವನಿಗೆ ಬರೆಯುವಾಗ ಕೈ ಸ್ವಲ್ಪ ನಿಧಾನವಾಯಿತು. ಶಾಲೆ ಬಿಟ್ಟ ದಿನಾಂಕಕ್ಕೆ ಹಾಜರಿ ಪುಸ್ತಕ ನೋಡಿ 2019ರ ಕೊನೆಯ ದಿನವನ್ನು ಹಾಕಿದೆ. ಮುಂದಿನದು 'ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟ ದಿನಾಂಕ'. ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿ, "ಇವತ್ತಿಂದೇ ಹಾಕ್ರಿ ಮೇಡಮ್. ಐದು ವರ್ಷ ಯಾಕ ಕೊಟ್ಟಿಲ್ಲ ಅಂತ ನಾಳಿ ಯಾರರೆ ಕೇಳ್ಯಾರು" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಲಿಖಿತ ಅರ್ಜಿ ಆವತ್ತು ಬಂದಿರಲೂ ಇಲ್ಲ.

ಆ ತಾಯಿ ಬಾಗಿಲಲ್ಲಿ ನಿಂತ ದಿನದ ತಾರೀಖು ಬರೆದೆ. ಕೊಟ್ಟ ದಿನಾಂಕದ ಚೌಕದಲ್ಲಿ ಆ ದಿನದ್ದು. ಎರಡೂ ಒಂದರ ಕೆಳಗೊಂದು. ಸಹಿ ಮಾಡಿ ಶಿಕ್ಕೆ ಒತ್ತಿದೆ.

ಹುಡುಗ ಕಾಗದವನ್ನು ಮಡಚದೆ, ಒದ್ದೆ ಬಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ನಿಂತ. ತಾರೀಖುಗಳನ್ನು ಓದಿದನೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ.

"ಅಕ್ಕೋರೆ, ಆ ಚೆಂಡು ಅದ ಏನ್ರಿ?" ಎಂದ.

ಕಪಾಟಿನ ಅಡಿಯಲ್ಲಿತ್ತು, ಗಾಳಿಯಿಲ್ಲದೆ ಸಪ್ಪಗಾಗಿ. ಪಂಪಿಗೆ ಹುಡುಕಿದೆ, ಸಿಗಲಿಲ್ಲ. ಸೈಕಲ್ ಅಂಗಡಿಯಲ್ಲಿ ಹೊಡೆಸಿಕೊಂಡು ಬರುತ್ತೇನೆಂದು ಟಿ.ಸಿ.ಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಚೆಂಡು ಹಿಡಿದುಕೊಂಡು ಓಡಿದ.