ಮೇಲುಕೋಟೆಯ ಮೆಟ್ಟಿಲ ಮೇಲೊಂದು ಲೆಕ್ಕಾಚಾರ

ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಕುಳಿತು ಯೂರೋಪಿನ ಬಿಡಾರಗಳ ಬಾಡಿಗೆಯನ್ನು ಲೆಕ್ಕ ಹಾಕಿದವರು ನಮಗಿಂತ ಮೊದಲು ಯಾರಾದರೂ ಇದ್ದರೋ ಇಲ್ಲವೋ ತಿಳಿಯದು. ಕಳೆದ ವರ್ಷದ ಮಾಘಮಾಸದಲ್ಲಿ ನಾವಂತೂ ಆ ಕೆಲಸವನ್ನು ಮಾಡಿದೆವು.

ಹಾಲೆಂಡಿನ ಐಂಡ್‌ಹೋವನ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಮಗ, ಸೊಸೆ ಮತ್ತು ಏಳು ವರ್ಷದ ಮೊಮ್ಮಗಳು ಒಂದು ವಾರದ ರಜೆಗೆಂದು ಮೈಸೂರಿಗೆ ಬಂದಿದ್ದರು. ಅಲ್ಲಿಂದ ಮೇಲುಕೋಟೆ ಸುಮಾರು 50 ಕಿಲೋಮೀಟರು. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿಗಳನ್ನು ದಾಟಿ ಗುಡ್ಡವನ್ನೇರಿದಾಗ ಇನ್ನೂ ಬೆಳಗಿನ ತಂಪು ಆರಿರಲಿಲ್ಲ. ಚೆಲುವನಾರಾಯಣನ ದರ್ಶನವಾಯಿತು. ಪೂರ್ತಿಯಾಗದೆ ನಿಂತಿರುವ ರಾಯಗೋಪುರದ ಎತ್ತರದ ಕಂಬಗಳನ್ನೂ, ಅಕ್ಕ-ತಂಗಿಯರ ಕೊಳಗಳನ್ನೂ ಮೊಮ್ಮಗಳಿಗೆ ತೋರಿಸಿದ್ದಾಯಿತು. ಮಗ ಆಕೆಯನ್ನು ಕರೆದುಕೊಂಡು ಬೆಟ್ಟದ ಮೇಲಿನ ಯೋಗಾನರಸಿಂಹನ ಗುಡಿಗೆ ಹೋಗಿ ಬಂದ. ಮಂಡಿನೋವಿನ ನನ್ನ ಹೆಂಡತಿ ಕೆಳಗಿನಿಂದಲೇ ಕೈಮುಗಿದಳು. ಆಮೇಲೆ ಎಲ್ಲರೂ ಕಲ್ಯಾಣಿಯ ನೆರಳಿನಲ್ಲಿ ಕುಳಿತು ಪುಳಿಯೋಗರೆಯ ಪೊಟ್ಟಣಗಳನ್ನು ಬಿಚ್ಚಿದೆವು.

ಮಗ ಮಾತು ತೆಗೆದದ್ದು ಆಗಲೇ. ನಮ್ಮಿಬ್ಬರನ್ನೂ ಯೂರೋಪಿಗೆ ಕರೆಸಿಕೊಂಡು ಒಂದು ಮೋಟಾರ್‌ಹೋಮನ್ನು ಬಾಡಿಗೆಗೆ ಹಿಡಿದು ಸುತ್ತಾಡಿಸಬೇಕೆಂಬುದು ಅವನ ಆಸೆ. ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವೂ ಇರುವ ವಾಹನವದು.

“ನಮ್ಮ ಕಮಾನುಗಾಡಿಗೆ ಎಂಜಿನ್ನು ಕೂಡಿಸಿದ್ದಾರೆ, ಅಷ್ಟೇ” ಎಂದೆ ನಾನು.

ಅದು ಪೂರ್ತಿ ವಿನೋದವಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ತಾತ ಮೇಲುಕೋಟೆಗೆ ಬರುತ್ತಿದ್ದುದು ಎತ್ತಿನ ಗಾಡಿಯಲ್ಲಿಯೇ. ಅಕ್ಕಿ, ಬೇಳೆ, ಸೌದೆ, ಎತ್ತುಗಳಿಗೆ ಹುಲ್ಲು, ಎಲ್ಲವೂ ಗಾಡಿಯೊಳಗೆ. ಹೆಂಗಸರು ಮಕ್ಕಳು ಕಮಾನಿನ ಕೆಳಗೆ ಮಲಗಿದರೆ ಗಂಡಸರು ಗಾಡಿಯ ಕೆಳಗೆ. ಆದರೆ ಗಾಡಿಯೊಂದಿದ್ದರೆ ಸಾಲದು. ಅದನ್ನು ನಿಲ್ಲಿಸಲು ನೀರು ನೆರಳುಗಳಿರುವ ಜಾಗ ಬೇಕು. ತಾತನ ಮುಂದೆ ಮೂರು ದಾರಿಗಳಿದ್ದುವು: ಛತ್ರ, ಪರಿಚಯದವರ ಜಗಲಿ, ಇಲ್ಲವೇ ದುಡ್ಡು ಕೊಟ್ಟು ಹಿಡಿದ ಕೋಣೆ. ಯೂರೋಪಿನಲ್ಲಿಯೂ ಸಮಸ್ಯೆ ಅದೇ ಎಂಬುದು ಮಗನ ಮಾತಿನಿಂದ ತಿಳಿಯಿತು.

ಅಲ್ಲಿ ಇಂಥ ವಾಹನಗಳಿಗಾಗಿಯೇ ಕ್ಯಾಂಪಿಂಗ್ ತಾಣಗಳಿವೆ. ಸ್ನಾನದ ಮನೆ, ವಿದ್ಯುತ್ತು, ಮಕ್ಕಳ ಆಟದ ಬಯಲು ಎಲ್ಲ ಇದ್ದರೂ ಬೇಸಿಗೆಯಲ್ಲಿ ದರ ಹೆಚ್ಚು. ಆದ್ದರಿಂದ ರಿಯಾಯಿತಿಯ ಯೋಜನೆಗಳು ಹುಟ್ಟಿಕೊಂಡಿವೆ. ಒಂದು, ಎ.ಸಿ.ಎಸ್.ಐ. ಎಂಬ ಸಂಸ್ಥೆಯ ಕಾರ್ಡು. 1965ರಲ್ಲಿ ಎಡ್ ವಾನ್ ರೇನೆ ಎಂಬ ಡಚ್ ಉಪಾಧ್ಯಾಯರು ಆರಂಭಿಸಿದ ಸಂಸ್ಥೆಯದು. ವರ್ಷಕ್ಕೊಮ್ಮೆ ಸ್ವಲ್ಪ ಹಣ ತೆತ್ತು ಕಾರ್ಡನ್ನು ಕೊಂಡರೆ ಯೂರೋಪಿನ ಮೂರು ಸಾವಿರಕ್ಕೂ ಹೆಚ್ಚು ತಾಣಗಳಲ್ಲಿ, ಜನಸಂದಣಿಯಿಲ್ಲದ ಕಾಲದಲ್ಲಿ, ನಿಗದಿಯಾದ ಕಡಮೆ ದರಕ್ಕೆ ತಂಗಬಹುದು. ಎರಡನೆಯದು ಕ್ಯಾಂಪಿಂಗ್ ಚೆಕ್. ಇದರಲ್ಲಿ ರಾತ್ರಿಗೊಂದರಂತೆ ಚೀಟಿಗಳನ್ನು ಮುಂಗಡವಾಗಿಯೇ ಕೊಳ್ಳಬೇಕು. ಮೂರನೆಯದು 1993ರಿಂದ ನಡೆದುಬಂದಿರುವ ‘ಫ್ರಾನ್ಸ್ ಪಾಸಿಯೋಂ’. ಇದರ ಸದಸ್ಯರು ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರ, ರೈತರ ಅಂಗಳಗಳಲ್ಲಿ 24 ಗಂಟೆಗಳ ಕಾಲ ಬಾಡಿಗೆಯಿಲ್ಲದೆ ವಾಹನ ನಿಲ್ಲಿಸಬಹುದು. ಅವರಿಂದ ಏನನ್ನಾದರೂ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಆದರೆ ನೀರು, ಶೌಚಗಳ ವ್ಯವಸ್ಥೆ ನಮ್ಮ ಗಾಡಿಯಲ್ಲಿಯೇ ಇರಬೇಕು.

“ಬಾಡಿಗೆಯೇ ಇಲ್ಲವೆಂದ ಮೇಲೆ ಯೋಚನೆ ಏಕೆ? ಮೂರನೆಯದೇ ಸರಿ” ಎಂದು ನಾನು ತೀರ್ಪು ಕೊಟ್ಟೆ.

ಸೊಸೆ ನಕ್ಕಳು. “ಮಾವ, ಕಾರ್ಡಿನ ದರ ಇಬ್ಬರಿಗೆ ಮಾತ್ರ. ನಾವು ಐದು ಜನ. ಮೊದಲು ಅದನ್ನು ಲೆಕ್ಕ ಹಾಕೋಣ” ಎಂದು ಕಾಗದ ತೆಗೆದಳು. ಇಬ್ಬರಿಗೆ 20 ಯೂರೋ ಎಂದಿಟ್ಟುಕೊಂಡರೆ, ಉಳಿದ ಇಬ್ಬರು ದೊಡ್ಡವರಿಗೆ ತಲಾ 6, ಮಗುವಿಗೆ 4, ಒಟ್ಟು 36. ಊರಿನ ತೆರಿಗೆ ಬೇರೆ. ಇದು ಅಂದಾಜಿನ ಲೆಕ್ಕವಷ್ಟೆ. ಆದರೆ ಹೊದಿಕೆಯ ಮೇಲೆ ಅಚ್ಚಾದ ದರಕ್ಕೂ ಸಂಸಾರವೊಂದು ಕೊಡಬೇಕಾದ ದರಕ್ಕೂ ಎಷ್ಟು ಅಂತರವೆಂಬುದು ಅದರಿಂದ ತಿಳಿಯಿತು. ಚೀಟಿಗಳಲ್ಲಿ ಇನ್ನೊಂದು ತೊಡಕು. ಹನ್ನೆರಡು ಕೊಂಡು ಎಂಟನ್ನೇ ಬಳಸಿದರೆ, ಅವಧಿ ಮುಗಿದ ಮೇಲೆ ಉಳಿದ ನಾಲ್ಕು ಬರಿಯ ಕಾಗದ.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಲದ್ದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಾಮಾನ್ಯವಾಗಿ ಎಲ್ಲಿಯೂ ಕಾರ್ಡು ನಡೆಯುವುದಿಲ್ಲ. ಮೊಮ್ಮಗಳಿಗೆ ದೊಡ್ಡ ರಜೆ ಬರುವುದು ಆಗಲೇ! ಐದು ವರ್ಷ ತುಂಬಿದ ಮಕ್ಕಳನ್ನು ಶಾಲೆಯ ದಿನಗಳಲ್ಲಿ ಪ್ರವಾಸಕ್ಕೆಂದು ಬಿಡಿಸಿಕೊಂಡು ಹೋಗಲು ಹಾಲೆಂಡಿನ ಕಾನೂನು ಒಪ್ಪುವುದಿಲ್ಲ, ದಂಡ ಬೀಳುತ್ತದೆ. ಜೂನ್‌ನಲ್ಲಿ ಹೊರಟರೆ ಬಾಡಿಗೆ ಅಗ್ಗ, ಆದರೆ ಮೊಮ್ಮಗಳಿಲ್ಲ. ಜುಲೈನಲ್ಲಿ ಹೊರಟರೆ ಮೊಮ್ಮಗಳುಂಟು, ರಿಯಾಯಿತಿಯಿಲ್ಲ.

ಅದನ್ನು ಕೇಳಿ ಸುತ್ತಲೂ ನೋಡಿದೆ. ವಾರದ ನಡುವಿನ ದಿನ. ಕಲ್ಯಾಣಿಯ ಬಳಿ ಬೆರಳೆಣಿಕೆಯ ಜನ. ಇದೇ ಊರಿನಲ್ಲಿ ಫಾಲ್ಗುಣದಲ್ಲಿ ವೈರಮುಡಿಯ ಉತ್ಸವ. ಮಂಡ್ಯದ ಖಜಾನೆಯಿಂದ ವಜ್ರದ ಕಿರೀಟ ಪೊಲೀಸರ ಕಾವಲಿನಲ್ಲಿ ಬೆಟ್ಟವೇರಿ ಬರುವ ಆ ಒಂದು ರಾತ್ರಿ ಇಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಯೂರೋಪಿನ ಕಾರ್ಡಿನ ಮರ್ಮ ನನಗೆ ಆಗ ಹೊಳೆಯಿತು. ಆ ಜನ ಮಾರುವುದು ಜಾಗವನ್ನಲ್ಲ, ದಿನಗಳನ್ನು. ಯಾರೂ ಬಾರದ ದಿನ ಬರಬಲ್ಲವರಿಗೆ ಮಾತ್ರ ರಿಯಾಯಿತಿ.

“ಆ ಜಗಲಿಯ ಯೋಜನೆ ಮಾತ್ರ ಬೇಡ” ಎಂದಳು, ಅದುವರೆಗೆ ಸುಮ್ಮನಿದ್ದ ನನ್ನ ಹೆಂಡತಿ.

“ಏಕೆ?”

“1980ರ ವೈರಮುಡಿ ಮರೆತಿರಾ?”

ಮರೆತಿರಲಿಲ್ಲ. ಆ ಸಂಜೆ ನಾವು ತಡವಾಗಿ ಬಂದಿದ್ದೆವು. ಛತ್ರಗಳೆಲ್ಲ ತುಂಬಿದ್ದುವು. ಇಪ್ಪತ್ತು ರೂಪಾಯಿಗೆ ಒಂದು ಕೋಣೆ ಸಿಕ್ಕುತ್ತಿತ್ತು. ಒಂದು ರಾತ್ರಿಗೆ ಇಪ್ಪತ್ತು ರೂಪಾಯಿಯೇ ಎಂದು ನಾನು ಒಪ್ಪಲಿಲ್ಲ. ಪರಿಚಯದವರ ಜಗಲಿಯಲ್ಲಿ ಪುಕ್ಕಟೆಯಾಗಿ ಜಾಗ ಹಿಡಿದೆ. ಆರು ತಿಂಗಳ ಮಗುವಿಗೆ ನಡುರಾತ್ರಿಯ ಗಾಳಿಗೆ ಕೆಮ್ಮು ಹತ್ತಿತು. ಬೀದಿಯಲ್ಲಿ ವಾದ್ಯ ಮೊಳಗಿದಾಗ ನಾನು ಜನರ ನಡುವೆ ನುಗ್ಗಿ ಕಣ್ತುಂಬ ನೋಡಿ ಬಂದೆ. ಆಕೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಯ ಮರೆಯಲ್ಲಿ ಕುಳಿತೇ ಇದ್ದಳು.

“ಅಂದು ನೀವು ಉಳಿಸಿದ್ದು ಇಪ್ಪತ್ತು ರೂಪಾಯಿ. ನನಗೆ ವೈರಮುಡಿ ನೋಡಲಾಗಲಿಲ್ಲ. ಈಗ ಅಷ್ಟು ದೂರ ಕರೆದುಕೊಂಡು ಹೋಗಿ ಇನ್ನೇನನ್ನು ತಪ್ಪಿಸುವಿರೋ!”

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಅಂದು ಕೆಮ್ಮಿದ ಕೂಸು, ಈಗ ನಲವತ್ತು ದಾಟಿದ ನಮ್ಮ ಮಗ, ತಾಯಿಯ ಮುಖವನ್ನೇ ನೋಡುತ್ತಿದ್ದ. ಈ ಕಥೆಯನ್ನು ಅವನು ಅದುವರೆಗೆ ಕೇಳಿರಲಿಲ್ಲ.

ಆಮೇಲೆ ಲೆಕ್ಕವನ್ನು ಬೇರೆ ತುದಿಯಿಂದ ಆರಂಭಿಸಿದೆವು. ಯಾವುದು ಅಗ್ಗವೆಂಬುದನ್ನು ಬಿಟ್ಟು, ಯಾರಿಗೆ ಏನು ಬೇಕೆಂಬುದನ್ನು ಮೊದಲು ಬರೆದೆವು. ಮಂಡಿನೋವಿನವಳಿಗೆ ಬಿಸಿನೀರಿನ ಸ್ನಾನ. ಮಗುವಿಗೆ ಆಡಲು ಬಯಲು. ನಮಗೆಲ್ಲ ಮೊಮ್ಮಗಳು ಜೊತೆಯಲ್ಲಿರುವುದು. ದಾರಿ ತೋರಿಸಿದವಳು ಸೊಸೆ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಹಾಲೆಂಡಿನ ಶಾಲೆಗಳಿಗೆ ಇನ್ನೊಂದು ರಜೆಯುಂಟು. ಆಗ ಹೆಚ್ಚಿನ ತಾಣಗಳಲ್ಲಿ ಕಾರ್ಡು ನಡೆಯುತ್ತದೆ. ನಡುವೆ ಬರುವ ಹಬ್ಬದ ದಿನಗಳನ್ನು ಕೆಲವು ತಾಣಗಳು ಹೊರಗಿಡುವುದರಿಂದ, ಒಂದೊಂದರ ದಿನಾಂಕಗಳನ್ನೂ ಮುಂದಾಗಿ ನೋಡಿಕೊಂಡರಾಯಿತು.

ಹಾಗೆಯೇ ನಡೆಯಿತು. ಹನ್ನೆರಡು ರಾತ್ರಿಗಳಲ್ಲಿ ಒಂಬತ್ತಕ್ಕೆ ಕಾರ್ಡು ಒದಗಿತು. ಎರಡು ರಾತ್ರಿ ಅಲ್ಸಾಸಿನ ದ್ರಾಕ್ಷಿ ತೋಟಗಳ ಅಂಗಳದಲ್ಲಿ, ನನ್ನ ಹೆಂಡತಿಯ ಒಪ್ಪಿಗೆ ಪಡೆದೇ ತಂಗಿದೆವು. ಹೊರಡುವಾಗ, ಯಾರೂ ಕೇಳದಿದ್ದರೂ, ದ್ರಾಕ್ಷಿರಸದ ಸೀಸೆಗಳನ್ನು ಕೊಂಡೆವು. ಪುಕ್ಕಟೆಯ ಜಗಲಿಗೂ ಒಂದು ಮರ್ಯಾದೆಯ ದರವಿರುತ್ತದೆ. ಇನ್ನೊಂದು ರಾತ್ರಿ, ಮೇ ದಿನದ ರಜೆಯ ಗದ್ದಲದಲ್ಲಿ, ಮೊಸೆಲ್ ನದಿಯ ದಡದ ತಾಣವೊಂದು ಕಾರ್ಡನ್ನು ಒಪ್ಪಲಿಲ್ಲ. ಮಗ ನನ್ನ ಮುಖ ನೋಡಿದ. ನಾನು ಪೂರ್ತಿ ಹಣ ಕೊಟ್ಟೆ.

ಅಂದು ಸಂಜೆ ನನ್ನ ಹೆಂಡತಿ ಮೊಮ್ಮಗಳೊಡನೆ ನದಿಯ ದಡದಲ್ಲಿ ಕುಳಿತು, ದೀಪ ಹೊತ್ತಿಸಿಕೊಂಡು ಸಾಗುವ ದೋಣಿಗಳನ್ನು ಕತ್ತಲಾಗುವವರೆಗೂ ನೋಡಿದಳು.

ಬರುವ ವೈರಮುಡಿಗೆ ಮೇಲುಕೋಟೆಯಲ್ಲಿ ಬೀದಿಯ ಕಡೆ ಕಿಟಕಿಯಿರುವ ಒಂದು ಕೋಣೆಯನ್ನು ಈಗಲೇ ಗೊತ್ತುಮಾಡಿದ್ದೇನೆ. ರಿಯಾಯಿತಿ ಕೇಳಲಿಲ್ಲ.