ಕಡಲ ನಡುವೆ ಊರಿನ ಸುದ್ದಿ

ವಿಹಾರದ ಹಡಗಿನಲ್ಲಿ ಅನ್ನ, ಹಾಸಿಗೆ, ಸಂಗೀತ ಇವೆಲ್ಲವೂ ಟಿಕೆಟಿನಲ್ಲಿಯೇ ದೊರೆಯುವುವು. ಇಂಟರ್ನೆಟ್ಟಿಗೆ ಮಾತ್ರ ಸಾಮಾನ್ಯವಾಗಿ ಬೇರೆ ಪ್ಯಾಕೇಜು, ಬೇರೆ ಹಣ. ಅದೂ ದಿನಕ್ಕಿಷ್ಟು, ಫೋನಿಗಿಷ್ಟು ಎಂಬ ಲೆಕ್ಕ.

2023ರ ಜೂನಿನಲ್ಲಿ ನಾವು ದಂಪತಿಗಳು ವ್ಯಾಂಕೂವರಿನಿಂದ ಅಲಾಸ್ಕಾದ ಕಡೆಗೆ ಹೊರಟೆವು. ಹಡಗು ಬಿಟ್ಟ ಮರುದಿನವೇ, ಧಾರವಾಡದಲ್ಲಿ ತಾಯಿಯವರು ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡರೆಂದು ತಮ್ಮನಿಂದ ಸುದ್ದಿ ಬಂದಿತು. ಕೊಂಡಿದ್ದುದು ಒಂದೇ ಫೋನಿನ ಪ್ಯಾಕೇಜು. ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ಹಿಡಿಯಬೇಕು. ದಾಂಪತ್ಯಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ನಾನು ಕಂಡಿಲ್ಲ!

ಶಸ್ತ್ರಚಿಕಿತ್ಸೆಯ ಹೊತ್ತಿಗೆ ನಮ್ಮ ಹಡಗು ಸ್ಕ್ಯಾಗ್ವೆಯನ್ನು ಬಿಟ್ಟಿತ್ತು. ಅಲ್ಲಿ ಕಡಲೆಂಬುದು ಪರ್ವತಗಳ ನಡುವಣ ಓಣಿ. ಹಳೆಯ ಪದ್ಧತಿಯ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವುವು. ಅಷ್ಟು ಉತ್ತರಕ್ಕೆ ಹೋದವರಿಗೆ ಅವು ದಿಗಂತದ ಸಮೀಪಕ್ಕೆ ಇಳಿದು, ಬೆಟ್ಟವೊಂದು ಅಡ್ಡ ಬಂದರೆ ಮರೆಯಾಗುವುವು. 2022ರಿಂದೀಚೆಗೆ ಹಲವು ಹಡಗುಗಳು ಸುಮಾರು 550 ಕಿಲೋಮೀಟರು ಎತ್ತರದಲ್ಲಿ ಸಾಲುಸಾಲಾಗಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಆಶ್ರಯಿಸಿರುವುವು. ನಮ್ಮದಕ್ಕೆ ಆ ಭಾಗ್ಯವಿರಲಿಲ್ಲ. ವಿಮಾನದ ಮೋಡಿನಿಂದ ಫೋನನ್ನು ಬಿಡಿಸೋಣವೆಂದರೆ, ಹಡಗಿನ ಮೊಬೈಲು ಜಾಲವು ಅದನ್ನು ಸೆಳೆದು ಬೇರೊಂದು ದುಬಾರಿ ಲೆಕ್ಕವನ್ನು ಬರೆಯುವುದು. ಆ ರಾತ್ರಿ ಅದಕ್ಕೂ ಸಿದ್ಧನಾಗಿ ನೋಡಿದೆನು. ಅದೂ ಅದೇ ಆಕಾಶವನ್ನೇ ನಂಬಿದ್ದಿತು.

ಧಾರವಾಡಕ್ಕೂ ನಮಗೂ ಹದಿಮೂರೂವರೆ ಗಂಟೆಗಳ ಅಂತರ. ನಡುರಾತ್ರಿ, ಓಣಿ ಅಗಲವಾದ ಮೇಲೆ, ತಮ್ಮನ ಮೂರು ಸಂದೇಶಗಳು ಒಮ್ಮೆಲೆ ಬಂದುವು. ಮೊದಲೆರಡನ್ನು ಓದುವ ಧೈರ್ಯ ನಮಗಾಗಲಿಲ್ಲ. ಹೆಂಡತಿ ಕೊನೆಯದನ್ನೇ ಓದಿದಳು: "ಅವ್ವಗ ಎಚ್ಚರಾಗೇತಿ. ಚಾ ಕೇಳಾಕತ್ತಾಳ."